ಒಂದೆಳೆ ಪಾಕ, ಎರಡು ವಂಶ

ಗೋಕುಲಾಷ್ಟಮಿಗೆ ರವೆಉಂಡೆ ಕಟ್ಟುವಾಗ ಅಮ್ಮ ಪಾಕವನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿ ಬಿಡಿಸಿ ನೋಡುತ್ತಾಳೆ. ಎಳೆ ಬಂದರೆ ಒಲೆ ಆರಿಸು ಎಂದರ್ಥ. ಬೆಂಗಳೂರಿನ ವೈಯಾಲಿಕಾವಲ್‌ನ ನಮ್ಮ ಅಡುಗೆಮನೆಯ ಈ ಪರೀಕ್ಷೆಯಂಥದ್ದೇ ಒಂದು ಆಸ್ಪತ್ರೆಯ ಲ್ಯಾಬಿನಲ್ಲೂ ಇದೆ. ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ತಂತಿಯ ಕುಣಿಕೆಯಿಂದ ಮುಟ್ಟಿ ಮೇಲಕ್ಕೆತ್ತುತ್ತಾರೆ. ಎಳೆ 5 ಮಿಲಿಮೀಟರ್ ದಾಟಿದರೆ ಅದು ಉಗ್ರ ಬಗೆಯ ಕ್ಲೆಬ್ಸಿಯೆಲ್ಲಾ ಇರಬಹುದೆಂಬ ಗುಮಾನಿ.

ಈ ಉಗ್ರ ಬಗೆ 1986ರಲ್ಲಿ ತೈವಾನ್‌ನಿಂದ ವರದಿಯಾಯಿತು. ಲಿವರ್‌ನಲ್ಲಿ ಕೀವು ತುಂಬಿಸಿ, ಕಣ್ಣಿಗೂ ಹಬ್ಬುತ್ತಿತ್ತು, ಗಟ್ಟಿಮುಟ್ಟಾದವರನ್ನೂ ಬಿಡುತ್ತಿರಲಿಲ್ಲ. ಆದರೆ ಸಾಮಾನ್ಯ ಔಷಧಿಗೆ ಸಾಯುತ್ತಿತ್ತು. ಕಾರ್ಬಪೆನೆಮ್ ಎಂಬ ಪ್ರಬಲ ಔಷಧಿಗೂ ಜಗ್ಗದ ಕ್ಲೆಬ್ಸಿಯೆಲ್ಲಾ ಬೇರೆಯದೇ ವಂಶ; ಅದು ಹೆಚ್ಚಾಗಿ ಕಾಡುತ್ತಿದ್ದುದು ಐಸಿಯುನಲ್ಲಿ ಮಲಗಿ ಸೋತವರನ್ನು. ಇವೆರಡೂ ದೂರ ದೂರ ಇದ್ದದ್ದೇ ನಮ್ಮ ಪುಣ್ಯವಾಗಿತ್ತು.

ಅವನ್ನು ಬೆಸೆದದ್ದು ಪ್ಲಾಸ್ಮಿಡ್. ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಿಂದ ಹೊರಗಿರುವ ಪುಟ್ಟ ಡಿಎನ್‌ಎ ಬಳೆ ಅದು. ಮಕ್ಕಳಿಗೆ ಮಾತ್ರವಲ್ಲ, ಪಕ್ಕಕ್ಕೆ ಬಂದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ನಕಲು ದಾಟಿಸಬಲ್ಲದು. ಹಲವು ಔಷಧಿಗಳಿಗೆ ಬಗ್ಗದ ಗುಣ ಹೀಗೆ ಕೈಬದಲಾಗುತ್ತದೆಂದು ಜಪಾನಿನ ವಿಜ್ಞಾನಿಗಳು ಆಮಶಂಕೆಯ ರೋಗಾಣುವಿನಲ್ಲಿ 1959ರಲ್ಲೇ ಕಂಡಿದ್ದರು. 2016ರಲ್ಲಿ ಚೀನಾದ ಹಾಂಗ್‌ಝೌ ನಗರದ ಐಸಿಯುವೊಂದರಲ್ಲಿ ಐವರು ತೀರಿಕೊಂಡರು. ಅಲ್ಲಿ ಔಷಧಿಗೆ ಬಗ್ಗದ ವಂಶವೇ ಉಗ್ರತೆಯ ಪ್ಲಾಸ್ಮಿಡ್ಡನ್ನು ಪಡೆದುಕೊಂಡಿತ್ತು.

ನಮ್ಮಲ್ಲಿ ಯಾವ ವಂಶ ಓಡಾಡುತ್ತಿದೆ? ಇದನ್ನು ಕೂತು ಓದಿದವರಲ್ಲಿ ಪ್ರಮುಖರು ಇದೇ ಊರಿನವರು ಎಂಬುದು ನನಗೆ ನಿಜಕ್ಕೂ ಹೆಮ್ಮೆ. ಕೆಂಪೇಗೌಡ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ, ಅಂದರೆ ಕಿಮ್ಸ್‌ನ, ಕೇಂದ್ರ ಸಂಶೋಧನಾ ಪ್ರಯೋಗಾಲಯದ ಡಾ. ಕೆ.ಎಲ್. ರವಿಕುಮಾರ್ ಅವರ ತಂಡ, ದೇಶದ 8 ಕೇಂದ್ರಗಳಲ್ಲಿ 2013ರಿಂದ 2019ರವರೆಗೆ ಸಂಗ್ರಹವಾದ 344 ಮಾದರಿಗಳ ಜೀನೋಮ್ ಓದಿಸಿತು. ಒಂದೊಂದರಲ್ಲೂ 50 ಲಕ್ಷಕ್ಕೂ ಹೆಚ್ಚು ಡಿಎನ್‌ಎ ಅಕ್ಷರ. ಇಬ್ಬರು ರೋಗಿಗಳ ರೋಗಾಣುವಿನಲ್ಲಿ ಬೆರಳೆಣಿಕೆಯಷ್ಟೇ ಅಕ್ಷರ ಬೇರೆಯಾಗಿದ್ದರೆ, ಸೋಂಕು ಒಂದೇ ಮೂಲದಿಂದ ಹಬ್ಬಿರುವ ಸಾಧ್ಯತೆ ಹೆಚ್ಚು. ಎಸ್‌ಟಿ 231, 147, 14 ಎಂಬ ಮೂರು ವಂಶಗಳು ಮುಂದಿದ್ದವು.

ಮನುಷ್ಯರ ವಂಶವೃಕ್ಷದ ಹಾಗಲ್ಲ ಬ್ಯಾಕ್ಟೀರಿಯಾದ್ದು. ಕೊಂಬೆಯಿಂದ ಕೊಂಬೆಗೆ ಪ್ಲಾಸ್ಮಿಡ್ ಜಿಗಿಯುವುದರಿಂದ, ಯಾವ ಜೀನ್ ಯಾವ ಬಳೆಯಲ್ಲಿದೆ ಎಂದೂ ಬಿಡಿಸಬೇಕು. ಡಿಎನ್‌ಎಯನ್ನು ಚೂರು ಚೂರಾಗಿ ಓದಿದರೆ ಅದು ಸಿಕ್ಕುವುದು ಕಷ್ಟ. ಉದ್ದುದ್ದ ತುಂಡುಗಳಾಗಿ ಓದುವ ಯಂತ್ರ ಬೇಕು.

2024ರ ಜುಲೈ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು: ಉಗ್ರ ವಂಶ ಎಸ್‌ಟಿ 23 ಕೂಡ ಕಾರ್ಬಪೆನೆಮ್ ಮುರಿಯುವ ಜೀನ್ ಹೊತ್ತು ಹಲವು ದೇಶಗಳಲ್ಲಿ ಕಂಡಿದೆ. ಭಾರತವೂ ಅದರಲ್ಲಿ ಒಂದು. ಹೀಗೆ ಎರಡೂ ಗುಣ ಬೆರೆತ ತಳಿಗಳಲ್ಲಿ ಕೆಲವು ಕುಣಿಕೆಗೆ ಎಳೆಯನ್ನೇ ಬಿಡುವುದಿಲ್ಲ.