ರಾಸ್ಪ್‌ಬೆರಿ: ಕಡ್ಡಿ ನೆಡಬೇಡಿ, ತುದಿ ಊರಿ

ಮಹಾಬಳೇಶ್ವರಕ್ಕೆ ಹೋಗಿ ಬುಟ್ಟಿಯಲ್ಲಿಟ್ಟು ಮಾರುವ ರಾಸ್ಪ್‌ಬೆರಿ ತಿಂದು ಬಂದವರಿಗೆಲ್ಲ ಮನೆ ಹಿತ್ತಲಲ್ಲೂ ಒಂದು ಗಿಡ ಇರಲಿ ಅನ್ನಿಸುತ್ತದೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಹಿತ್ತಲುಗಳಲ್ಲಿ ಇದು ಖಂಡಿತ ಸಾಧ್ಯ. ಆದರೆ ಎರಡು ವಿಷಯ ತಿಳಿದಿರಬೇಕು: ಯಾವ ರಾಸ್ಪ್‌ಬೆರಿ ತರಬೇಕು, ಒಂದು ಗಿಡವನ್ನು ಹತ್ತು ಮಾಡುವುದು ಹೇಗೆ.

ಚಿತ್ರಗಳಲ್ಲಿ ಕಾಣುವ ಯುರೋಪಿನ ಕೆಂಪು ರಾಸ್ಪ್‌ಬೆರಿ ನಮಗೆ ಒಗ್ಗುವುದಿಲ್ಲ. ಅದರ ಮೊಗ್ಗು ಒಡೆಯಲು ಚಳಿಗಾಲದಲ್ಲಿ ನೂರಾರು ತಾಸು 7 ಡಿಗ್ರಿಗಿಂತ ಕಡಿಮೆ ಉಷ್ಣತೆ ಬೇಕು. ನಮ್ಮ ಕಡೆ ಸಂಕ್ರಾಂತಿಯ ಚಳಿಯೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ಗಿಡ ಎಲೆ ಬಿಡುತ್ತದೆ, ಹಣ್ಣು ಬಿಡದೆ ಏಪ್ರಿಲ್ ಬಿಸಿಲಿಗೆ ಸೊರಗುತ್ತದೆ. ನಮಗೆ ಬೇಕಾದದ್ದು ಲೋಕವೆಲ್ಲ ‘ಮೈಸೂರು ರಾಸ್ಪ್‌ಬೆರಿ’ ಎಂದು ಕರೆಯುವ ಜಾತಿ, ಸಸ್ಯಶಾಸ್ತ್ರದ ಹೆಸರು ರೂಬಸ್ ನಿವಿಯಸ್. ಸಹ್ಯಾದ್ರಿಯಲ್ಲೂ ಹಿಮಾಲಯದಲ್ಲೂ ಅದು ಸಹಜವಾಗಿ ಬೆಳೆಯುತ್ತದೆ. ಅದಕ್ಕೆ ಚಳಿಯ ಹಂಗಿಲ್ಲ; ಸಮುದ್ರಮಟ್ಟದ ದಕ್ಷಿಣ ಫ್ಲೋರಿಡಾದ ಮನೆತೋಟಗಳಲ್ಲೂ ಹಣ್ಣು ಕೊಡುತ್ತದೆ. ಹವಾಯಿ, ಗಲಾಪಗೋಸ್ ದ್ವೀಪಗಳಲ್ಲಿ ಅದು ಹಬ್ಬಿ ಕಾಡಿಗೇ ಕಂಟಕವಾಗಿದೆ. ಹಣ್ಣು ಮೊದಲು ಕೆಂಪು, ಮಾಗಿದಾಗ ಕಪ್ಪು. ಕಪ್ಪಾದದ್ದು ಮೆಲ್ಲನೆ ಎಳೆದರೆ ತೊಟ್ಟಿನ ತಿರುಳನ್ನು ಗಿಡದಲ್ಲೇ ಬಿಟ್ಟು, ಒಳಗೆ ಪೊಳ್ಳಾಗಿ ಕೈಗೆ ಬರುತ್ತದೆ. ರಾಸ್ಪ್‌ಬೆರಿಯ ಗುರುತೇ ಅದು.

ಬಹಳ ಜನ ಎಡವುವುದು ಸಸಿ ಮಾಡುವಾಗ. ಹಿಪ್ಪುನೇರಳೆ, ಗುಲಾಬಿಯ ಹಾಗೆ ಗೇಣುದ್ದದ ಕಡ್ಡಿ ಕತ್ತರಿಸಿ ನೆಟ್ಟುಬಿಡುತ್ತಾರೆ. ಇದರ ಟೊಂಗೆಯ ಒಳಗೆ ಮೆತ್ತನೆಯ ದಿಂಡು. ಬೇರು ಒಡೆಯುವ ಮೊದಲೇ ಕಡ್ಡಿ ಒಣಗುವುದು ಹೆಚ್ಚು. ಗಿಡ ತಾನೇ ಹಬ್ಬುವ ದಾರಿ ಬೇರೆ. ಉದ್ದ ಟೊಂಗೆ ಕಮಾನಿನಂತೆ ಬಾಗಿ, ತುದಿ ನೆಲಕ್ಕೆ ತಾಗಿದಲ್ಲಿ ಬೇರು ಬಿಡುತ್ತದೆ. ಬೇರು ಹುಟ್ಟಿಸುವ ಆಕ್ಸಿನ್ ಎಂಬ ಚೋದಕ ತಯಾರಾಗುವುದು ಬೆಳೆಯುವ ತುದಿಯಲ್ಲೇ. ಮೇಲಾಗಿ ಟೊಂಗೆ ಇನ್ನೂ ತಾಯಿಗಿಡಕ್ಕೆ ಅಂಟಿಕೊಂಡಿರುವುದರಿಂದ ನೀರು, ಆಹಾರ ಎರಡೂ ಬರುತ್ತಲೇ ಇರುತ್ತವೆ. ನಾವು ಮಾಡಬೇಕಾದದ್ದು ಇದಕ್ಕೆ ಕೈ ಕೂಡಿಸುವುದಷ್ಟೆ.

ಮಿರಗದ ಮಳೆಗೆ ಹೊಸ ಟೊಂಗೆಗಳು ಜೋರಾಗಿ ಏಳುತ್ತವೆ. ಹಣ್ಣಿಗಾಗಿ ಬಿಟ್ಟ ಟೊಂಗೆಗಳನ್ನು ಮೂರು ನಾಲ್ಕು ಅಡಿಗೆ ಚಿವುಟಿ, ಸಸಿಗಾಗಿ ಎರಡನ್ನು ಚಿವುಟದೆ ಉದ್ದ ಬಿಡಿ. ಆಶ್ಲೇಷಾ, ಮಘಾ ಮಳೆಯ ಹೊತ್ತಿಗೆ, ಅಂದರೆ ಆಗಸ್ಟಿನಲ್ಲಿ, ಅವುಗಳ ತುದಿ ನೋಡುತ್ತಿರಿ. ಎಲೆಗಳು ಸಣ್ಣಗಾಗಿ ಹಿಂದಕ್ಕೆ ಮಡಚಿಕೊಂಡು, ತುದಿ ಬೋಳಾಗಿ ಇಲಿಬಾಲದ ಹಾಗೆ ನೀಳವಾಗುತ್ತದೆ. ಊರಲು ಅದೇ ಸರಿಯಾದ ಸಮಯ. ಎಲೆ ಇನ್ನೂ ದೊಡ್ಡದಾಗಿ ಬಿಚ್ಚಿಕೊಂಡಿದ್ದರೆ ವಾರವೆರಡು ವಾರ ಕಾಯಿರಿ.

ನಾಲ್ಕು ಬೆರಳು ಆಳದ ಕುಳಿ ತೋಡಿ. ತಾಯಿಗಿಡದ ಕಡೆಯ ಬದಿ ಇಳಿಜಾರಾಗಿರಲಿ, ಎದುರು ಬದಿ ನೆಟ್ಟಗಿರಲಿ. ತುದಿಯನ್ನು ಕೆಳಮುಖವಾಗಿ ಇಳಿಜಾರಿನಲ್ಲಿ ಜಾರಿಸಿ, ಮಣ್ಣು ಮುಚ್ಚಿ, ಕಾಲಿನಿಂದ ಮೆತ್ತಗೆ ತುಳಿದು, ಟೊಂಗೆ ಎದ್ದು ಬಾರದಂತೆ ಮೇಲೊಂದು ಕಲ್ಲಿಡಿ. ಹೂತ ತುದಿ ಸ್ವಲ್ಪ ಕೆಳಗಿಳಿದು ಮತ್ತೆ ಮೇಲಕ್ಕೆ ತಿರುಗುತ್ತದೆ. ಆ ತಿರುವಿನಲ್ಲೇ ಬೇರಿನ ಗೊಂಚಲು ಒಡೆಯುತ್ತದೆ. ನಾಲ್ಕಾರು ವಾರಗಳಲ್ಲಿ ಹೊಸ ಚಿಗುರು ಮಣ್ಣಿನಿಂದ ಹೊರಗೆ ಬಂದರೆ ಕೆಲಸ ಆಯಿತೆಂದು ಲೆಕ್ಕ. ಬೇರು ಬಂದಿದೆಯೇ ಎಂದು ನಡುವೆ ಎಳೆದು ನೋಡಬೇಡಿ. ನನಗೆ ಹೆಚ್ಚು ಇಷ್ಟವಾದ ಕ್ರಮ, ನೆಲದ ಬದಲು ಮಣ್ಣು ತುಂಬಿದ ಕುಂಡವನ್ನೇ ಪಕ್ಕದಲ್ಲಿಟ್ಟು ಅದರಲ್ಲಿ ತುದಿ ಊರುವುದು. ಬೇರಿಗೆ ಪೆಟ್ಟಾಗುವ ಮಾತೇ ಇಲ್ಲ. ದೀಪಾವಳಿ ಹೊತ್ತಿಗೆ ಗೇಣುದ್ದ ಹಳೆಯ ಟೊಂಗೆ ಉಳಿಸಿಕೊಂಡು ತಾಯಿಯಿಂದ ಕತ್ತರಿಸಿ. ಮುಳ್ಳಿನ ಗಿಡವಾದ್ದರಿಂದ ಸಸಿ ಎತ್ತಲು ಆ ಮೋಟೇ ಹಿಡಿಕೆ. ಬೇಸಿಗೆಯನ್ನು ಸಸಿ ನೆರಳಲ್ಲಿ ಕಳೆಯಲಿ, ಮುಂದಿನ ಮಿರಗಕ್ಕೆ ನೆಲಕ್ಕೆ ಇಳಿಯಲಿ.

ಬೀಜದಿಂದಲೂ ಸಸಿ ಬರುತ್ತದೆ, ತಡವಾಗಿ. ಬೇರಿನಿಂದ ಮರಿ ಏಳುವುದು ಕೆಂಪು ಜಾತಿಯ ಗುಣ. ಈ ಗಿಡದಲ್ಲಿ ಅದನ್ನು ನೆಚ್ಚಿ ಕೂರುವಂತಿಲ್ಲ.

ಮಣ್ಣಿನ ವಿಷಯದಲ್ಲಿ ಮೂರು ಊರಿಗೂ ಒಂದೇ ಮಾತು ಹೇಳಲಾಗದು. ಇಚಲಕರಂಜಿಯ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುತ್ತದೆ, ನಾಲ್ಕು ದಿನ ನಿಂತರೆ ಬೇರು ಕೊಳೆಯುತ್ತದೆ. ಅಲ್ಲಿ ಮೊಣಕಾಲೆತ್ತರದ ಏರುಮಡಿ ಮಾಡಿ, ಇಲ್ಲವೆ ತಳಕ್ಕೆ ತೂತು ಕೊರೆದ ಅರ್ಧ ಡ್ರಮ್ಮಿಗೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಸುಣ್ಣದ ಮಣ್ಣಿನಲ್ಲಿ ಕಬ್ಬಿಣಾಂಶ ಸಿಗುತ್ತಿಲ್ಲ ಎಂದರ್ಥ. ಗಡಹಿಂಗ್ಲಜದವರು ಇನ್ನೊಂದು ಎಚ್ಚರ ವಹಿಸಬೇಕು. ಮೆಣಸಿನಕಾಯಿ, ಬದನೆ, ಟೊಮ್ಯಾಟೊ ಬೆಳೆದ ಮಡಿಯಲ್ಲಿ ಇದನ್ನು ನೆಡಬೇಡಿ. ಆ ಬೆಳೆಗಳ ಸೊರಗು ರೋಗದ ಶಿಲೀಂಧ್ರ ರಾಸ್ಪ್‌ಬೆರಿಗೂ ತಗಲುತ್ತದೆ. ಬುಡಕ್ಕೆ ಮುಚ್ಚಿಗೆ ಹಾಕಲು ಕಬ್ಬಿನ ರವದಿಗಿಂತ ಒಳ್ಳೆಯದು ಈ ಜಿಲ್ಲೆಯಲ್ಲಿ ಬೇರೊಂದಿಲ್ಲ. ಅದನ್ನು ಹೊಲದಲ್ಲಿ ಸುಡುವ ಬದಲು ಎರಡು ಹೊರೆ ಮನೆಗೆ ತನ್ನಿ.

ಈ ಗಿಡದ ಬೇರು ಹಲವು ವರ್ಷ ಬಾಳುತ್ತದೆ, ಟೊಂಗೆಯ ಆಯಸ್ಸು ಮಾತ್ರ ಚಿಕ್ಕದು: ಬೆಳೆದು, ಮರುಬೇಸಿಗೆಯಲ್ಲಿ ಹಣ್ಣು ಕೊಟ್ಟು ಒಣಗುತ್ತದೆ. ಹಣ್ಣು ಮುಗಿದ ಟೊಂಗೆಯನ್ನು ಬುಡಕ್ಕೇ ಕತ್ತರಿಸಿ ತೆಗೆಯದಿದ್ದರೆ ಎರಡೇ ವರ್ಷದಲ್ಲಿ ಹಿತ್ತಲು ಮುಳ್ಳಿನ ಪೊದೆಯಾಗುತ್ತದೆ. ಗಿಡದಿಂದ ಗಿಡಕ್ಕೆ ಐದು ಅಡಿ ಬಿಟ್ಟು, ಎರಡು ಸಾಲು ತಂತಿ ಕಟ್ಟಿ, ಟೊಂಗೆಗಳನ್ನು ಅದಕ್ಕೆ ಬಿಗಿಯಿರಿ. ಮಧ್ಯಾಹ್ನದ ನೆರಳು ಸಿಕ್ಕರೆ ಏಪ್ರಿಲ್, ಮೇ ಸುಲಭವಾಗಿ ದಾಟುತ್ತದೆ.

ತಾಯಿಗಿಡವನ್ನು ದಯವಿಟ್ಟು ರಾಧಾನಗರಿ ಅಭಯಾರಣ್ಯದಿಂದ ಕಿತ್ತು ತರಬೇಡಿ. ಅಲ್ಲಿಂದ ಗಿಡ ಕೀಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನರ್ಸರಿಯಲ್ಲಿ ಕೊಳ್ಳುವಾಗ ಎಲೆ ಮಗುಚಿ ನೋಡಿ. ಎಲೆಯ ಅಡಿ ಬೆಳ್ಳಗಿರಬೇಕು, ಎಳೆಯ ಟೊಂಗೆಯ ಮೇಲಿನ ಬಿಳಿ ಪುಡಿ ಬೆರಳಿಗೆ ಅಂಟಬೇಕು, ಮುಳ್ಳು ಕೊಕ್ಕೆಯಾಗಿರಬೇಕು. ಈ ಮೂರೂ ಇಲ್ಲದ ಗಿಡಕ್ಕೆ ಹಣ ಕೊಡಬೇಡಿ.