ಹುಣಸೆ ಬೀಜದ ಕೋಟೆಯನ್ನು ಕಾಯುವುದು ಹೇಗೆ?



ಶನಿವಾರ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ನಾವು ಆಡುವ ಕೋಟೆ ಆಟವನ್ನು ನೀವೆಲ್ಲ ನೋಡಿದ್ದೀರಿ. ಕೆಲವರು ತುಳಿದುಕೊಂಡೂ ಹೋಗಿದ್ದೀರಿ, ಇರಲಿ. ಅದು 1791ರ ಬೆಂಗಳೂರು ಮುತ್ತಿಗೆಯ ಆಟ. ಕಾಯುವ ಪಕ್ಷದಲ್ಲಿ ಮೂರು ಸಲ ಸೋತ ಮೇಲೆ ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಚರಿತ್ರೆ. ಆಗ ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ ಮೂರನೆಯ ಮೈಸೂರು ಯುದ್ಧ ನಡೆಯುತ್ತಿತ್ತು. ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್ ವೆಲ್ಲೂರಿನಿಂದ ಹೊರಟು, ಆಂಬೂರು ಕಣಿವೆ ಕಡೆ ಹೋಗುವವನಂತೆ ತೋರಿಸಿ, ಮುಗಳಿ ಕಣಿವೆಯಲ್ಲಿ ಘಟ್ಟ ಹತ್ತಿಬಿಟ್ಟ. ಕೋಲಾರ, ಹೊಸಕೋಟೆ ಸುಲಭವಾಗಿ ಸಿಕ್ಕವು. ಅಂದರೆ ನಮ್ಮ ದಿಕ್ಕಿನಿಂದಲೇ ಬಂದ! ಆಗ ಶಿವಾಜಿನಗರ, ಇಂದಿರಾನಗರ ಎಂಬ ಹೆಸರೇ ಇರಲಿಲ್ಲ. ದಂಡು ಬಂದದ್ದೂ 1809ರಲ್ಲಿ. ಹಲಸೂರು, ಅದರ ಕೆರೆ ಮಾತ್ರ ಇದ್ದವು. ಮಾರ್ಚ್ 7ರಂದು ಪೇಟೆ ಬಿತ್ತು. 21ರ ರಾತ್ರಿ ಬೆಳದಿಂಗಳಲ್ಲಿ ಕೋಟೆಯ ಒಡೆದ ಗೋಡೆ ಹತ್ತಿ ಒಳಗೆ ಬಂದರು. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಸತ್ತ. ಟಿಪ್ಪುವಿನ ದೊಡ್ಡ ಸೈನ್ಯ ಹೊರಗೆ ಹತ್ತಿರದಲ್ಲೇ ಇತ್ತು, ಆದರೂ ಕೋಟೆ ಉಳಿಯಲಿಲ್ಲ. ಕೆ.ಆರ್. ಮಾರ್ಕೆಟ್ ಹತ್ತಿರ ಉಳಿದಿರುವ ದೆಹಲಿ ಬಾಗಿಲಿನ ಕಡೆ ಹೋದರೆ ಆ ಜಾಗ ತೋರಿಸುವ ಕಲ್ಲಿನ ಫಲಕ ನೋಡಬಹುದು.

ಈಗ ಆಟ. ಕಾಯುವವರಿಗೆ 30 ಹುಣಸೆ ಬೀಜ, ದಾಳಿಯವರಿಗೆ 40 ಹೊಂಗೆ ಬೀಜ. ಪೇಟೆಗೆ ನಾಲ್ಕು ಬಾಗಿಲು (ಹಲಸೂರು, ಯಲಹಂಕ, ಕೆಂಗೇರಿ, ಆನೇಕಲ್), ಕೋಟೆಗೆ ಎರಡು (ದೆಹಲಿ, ಮೈಸೂರು). ಬಾಗಿಲು ಒಡೆಯಲು ಕಾಯುವವರ ಎರಡರಷ್ಟು ಜನ ಬೇಕು. ಪಕ್ಕದ ಬಾಗಿಲಿನಿಂದ ಅರ್ಧ ಜನ ಸಹಾಯಕ್ಕೆ ಬರಬಹುದು. ದಾಳಿಯವರ ನಾಲ್ಕು ಫಿರಂಗಿ ಅಂದರೆ ಅಂಟುವಾಳದ ಕಾಯಿ, ಒಂದೊಂದಕ್ಕೆ ಮೂರು ಬೀಜ ಕಾವಲು ಕಡ್ಡಾಯ. ಫಿರಂಗಿ ಎಳೆಯುವುದು ಎತ್ತು. ಎತ್ತಿಗೆ ಮೇವು ಬೇಕಲ್ವಾ? ಅದಕ್ಕೆ ಎಂಟು ಹುರುಳಿ ಕಾಳು, ದಿನಕ್ಕೊಂದು ಖರ್ಚು. ಘಟ್ಟದಿಂದ ಪೇಟೆಗೆ ನಾಲ್ಕು ದಿನ, ಕೋಟೆ ಗೋಡೆ ಒಡೆಯಲು ಆರು ದಿನ. ಲೆಕ್ಕ ಹಾಕಿ, ಎರಡು ಕಾಳು ಕಮ್ಮಿ! ಪೇಟೆ ಗೆದ್ದರೆ ಆರು ಕಾಳು, ದಾರಿಯ ಎರಡು ಹಳ್ಳಿಗಳಲ್ಲಿ ಎರಡೆರಡು ಸಿಗುತ್ತವೆ.

ಮೊದಲ ಸಲ ನಾನು ಆರು ಬಾಗಿಲಿಗೂ ಐದೈದು ಬೀಜ ಇಟ್ಟೆ. ನ್ಯಾಯ ಅನ್ನಿಸಿತ್ತು. ಅವರು 20 ಬೀಜ ಒಂದೇ ಬಾಗಿಲಿಗೆ ತಂದರು, ಮುಗೀತು. ಎರಡನೇ ಸಲ ಪೇಟೆ ಬಿಟ್ಟುಕೊಟ್ಟು ಎಲ್ಲರನ್ನೂ ಕೋಟೆಯಲ್ಲಿ ತುಂಬಿದೆ. ಪೇಟೆಯ ಧಾನ್ಯ ತಿಂದುಕೊಂಡು ಆರಾಮಾಗಿ ಗೋಡೆ ಒಡೆದರು. ನಿಜವಾಗಿಯೂ ಪೇಟೆ ಸಿಕ್ಕಿದ್ದರಿಂದಲೇ ಇಂಗ್ಲಿಷರ ಹಸಿದ ಎತ್ತುಗಳಿಗೆ ಮೇವು ಸಿಕ್ಕಿತು.

ಮೂರನೇ ಸಲ ಜಗಳವೇ ಆಯಿತು. ನಾನು ಎರಡೂ ಹಳ್ಳಿಗಳ ಬಣವೆ ಸುಡುತ್ತೇನೆ ಅಂದೆ. ಅದರಲ್ಲಿ ಒಂದು ನಮ್ಮ ಊರು. ನನ್ನ ಜೊತೆ ಕಾಯುತ್ತಿದ್ದವಳು, "ನಮ್ಮ ಊರನ್ನ ನಾವೇ ಸುಡೋದಾ? ಆಮೇಲೆ ನಮ್ಮ ದನ ಏನು ತಿನ್ನಬೇಕು?" ಅಂತ ಎದ್ದೇ ಹೋದಳು. ಮೇಷ್ಟ್ರು ತೀರ್ಪು ಕೊಟ್ಟರು: ಒಂದು ಹಳ್ಳಿ ಸುಟ್ಟರೆ ಐದು ಹುಣಸೆ ಬೀಜ ಹೋಗುತ್ತದೆ, ಏಕೆಂದರೆ ಆ ಊರಿನ ಸಿಪಾಯಿಗಳು ಮನೆ ನೋಡಲು ಓಡುತ್ತಾರೆ. ಹತ್ತು ಬೀಜ ಕಳೆದುಕೊಂಡು ಮತ್ತೆ ಸೋತೆ. ಅವಳು ಹೇಳಿದ್ದೇ ಸರಿ ಅಂತ ಈಗ ಒಪ್ಪುತ್ತೇನೆ.

ಉಪಾಯವನ್ನೂ ಅವಳೇ ಹೇಳಿದಳು. ಸುಡುವುದು ಬೇಡ, ರಾಗಿಯನ್ನು ಹಗೇವಿಗೆ ಹಾಕಿ ಮಣ್ಣು ಮುಚ್ಚೋಣ, ದನ, ಮೇವು ಎರಡನ್ನೂ ದೂರ ಸಾಗಿಸೋಣ. ಆದರೆ ಅದಕ್ಕೆ ಎರಡು ದಿನ ಬೇಕು. ಶತ್ರು ಹೊಸಕೋಟೆಗೆ ಬಂದ ಮೇಲೆ ಗೊತ್ತಾದರೆ ಸಮಯವಿಲ್ಲ. ಆದ್ದರಿಂದ ಮೊದಲ ಎರಡು ಬೀಜಗಳನ್ನು ಕೋಟೆಯಲ್ಲಲ್ಲ, ಆಂಬೂರಿನಲ್ಲಿ ಒಂದು, ಮುಗಳಿಯಲ್ಲಿ ಒಂದು ಇಡಬೇಕು. ಕಾರ್ನ್‌ವಾಲಿಸ್ ಟಿಪ್ಪುವಿಗೆ ಮೋಸ ಮಾಡಿದ್ದು ಅಲ್ಲಿಯೇ ತಾನೆ?

ನಾಲ್ಕನೇ ಸಲ ಹಾಗೇ ಮಾಡಿದೆವು. ಶತ್ರು ಮುಗಳಿಯಿಂದ ಬರುವುದು ಮೊದಲೇ ತಿಳಿಯಿತು. ಹಳ್ಳಿಗಳು ಬರಿದು. ದಿಕ್ಕು ಗೊತ್ತಿದ್ದರಿಂದ ಹಲಸೂರು, ಯಲಹಂಕ ಬಾಗಿಲುಗಳಿಗೆ ಹತ್ತು ಹತ್ತು ಬೀಜ, ಉಳಿದ ಎಂಟು ಕೋಟೆಗೆ. ಯಲಹಂಕ ಬಾಗಿಲಿಗೆ ಬಂದರು. ಹಲಸೂರಿನಿಂದ ಐದು ಓಡಿ ಬಂದು ನಾವು 15 ಆದೆವು. ಅವರಿಗೆ 30 ಬೇಕು, ಫಿರಂಗಿ ಕಾವಲು ಕಳೆದರೆ ಇದ್ದದ್ದು 28! ಮತ್ತೊಂದು ದಿನ ಪ್ರಯತ್ನಿಸಿದರು. ಉಳಿದದ್ದು ಎರಡು ಕಾಳು, ಗೋಡೆಗೆ ಬೇಕಾದದ್ದು ಆರು ದಿನ.

ಇದು ಬರೀ ಆಟದ ಮಾತಲ್ಲ. ಅದೇ 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ತನಕ ಹೋಗಿದ್ದ. ಮೇವಿಲ್ಲದೆ ಎತ್ತುಗಳು ಸತ್ತವು. ದೊಡ್ಡ ಫಿರಂಗಿಗಳನ್ನು ತಾನೇ ಹಾಳು ಮಾಡಿ ಬೆಂಗಳೂರಿಗೆ ವಾಪಸ್ ಬಂದ. ಆದರೆ ಬೆಂಗಳೂರು ಅಷ್ಟರಲ್ಲಿ ಅವನ ಕೈಯಲ್ಲಿತ್ತಲ್ಲ, ವಾಪಸ್ ಬರಲು ಒಂದು ಜಾಗವಿತ್ತು.

ಮುಂದಿನ ಶನಿವಾರ ಎರಡೂ ಕಣಿವೆಗಳಿಂದ ಒಟ್ಟಿಗೆ ಬರುತ್ತೇವೆ ಅಂತ ದಾಳಿ ಪಕ್ಷದವರು ಈಗಲೇ ಹೇಳಿಕೊಂಡು ತಿರುಗುತ್ತಿದ್ದಾರೆ. ನಿಜವೋ, ಅದೂ ಆಂಬೂರಿನ ಮೋಸವೋ ತಿಳಿಯುತ್ತಿಲ್ಲ. ಗೊತ್ತಿದ್ದವರು ಮೆಲ್ಲಗೆ ಬಂದು ಹೇಳಿ. ಹುಣಸೆ ಬೀಜವೂ ಕಮ್ಮಿ ಬಿದ್ದಿವೆ, ಯಾರೋ ಹುರಿದು ತಿಂದಿದ್ದಾರೆ.