ಮೂವತ್ತೊಂದು ಜೆರ್ಸಿಗಳ ಮನುಷ್ಯ

ಮೆಕ್ಸಿಕೊದಲ್ಲಿ ಏಳು, ಬ್ರೆಜಿಲ್‌ನಲ್ಲಿ ಆರು, ಹುಟ್ಟಿದ ನಾಡು ಉರುಗ್ವೆಯಲ್ಲಿ ಐದು, ಅರ್ಜೆಂಟೀನಾ ಮತ್ತು ಚಿಲಿಯಲ್ಲಿ ಮೂರು ಮೂರು, ಸ್ಪೇನ್‌ನಲ್ಲಿ ಎರಡು. ಇಸ್ರೇಲ್, ಗ್ರೀಸ್, ಈಕ್ವೆಡಾರ್, ಪರಗ್ವೆ, ಎಲ್ ಸಾಲ್ವಡಾರ್‌ಗಳಲ್ಲಿ ಒಂದೊಂದು. ಕೂಡಿದರೆ 31. ಸೆಬಾಸ್ಟಿಯನ್ ಅಬ್ರೆಯು ಎಂಬ ಸ್ಟ್ರೈಕರ್ ಆಡಿದ ಕ್ಲಬ್‌ಗಳ ಲೆಕ್ಕ ಇದು. ಚಿಲಿಯ ಆಡಾಕ್ಸ್ ಇಟಾಲಿಯಾನೊ ಸೇರಿ ಸಂಖ್ಯೆ 26 ಮುಟ್ಟಿದಾಗಲೇ ಗಿನ್ನೆಸ್ ಪುಸ್ತಕದಲ್ಲಿ ಹೆಸರು ಬಂತು. ಅಲ್ಲಿಯವರೆಗಿನ ದಾಖಲೆ ಜರ್ಮನಿಯ ಗೋಲ್‌ಕೀಪರ್ ಲುಟ್ಸ್ ಫಾನನ್‌ಸ್ಟೀಲ್ ಅವರದು, 25 ಕ್ಲಬ್. ದಾಖಲೆ ಮುರಿದ ಮೇಲಾದರೂ ಅಬ್ರೆಯು ಸುಮ್ಮನಾದರೇ? ಇನ್ನೂ ಐದು ಕ್ಲಬ್ ಆಡಿದರು.

ಅವರು ಹುಟ್ಟಿದ್ದು 1976ರ ಅಕ್ಟೋಬರ್ 17ರಂದು, ಉರುಗ್ವೆಯ ಮಿನಾಸ್ ಎಂಬ ಊರಿನಲ್ಲಿ. ಆರಡಿ ನಾಲ್ಕಂಗುಲದ ಆಳು, ಎಡಗಾಲಿನ ಹೊಡೆತ, ಮೇಲಿಂದ ಬಂದ ಚೆಂಡಿಗೆ ತಲೆ ಕೊಡುವುದರಲ್ಲಿ ನಿಸ್ಸೀಮ. ಓಟದಲ್ಲಿ ಅಷ್ಟಕ್ಕಷ್ಟೆ. ಅಡ್ಡಹೆಸರು 'ಎಲ್ ಲೋಕೊ', ಅಂದರೆ ಹುಚ್ಚ. ಅವರ ಬೆನ್ನ ಮೇಲಿನ ಸಂಖ್ಯೆ 13. ಬಹಳ ಆಟಗಾರರು ಅಪಶಕುನವೆಂದು ದೂರವಿಡುವ ಆ ಸಂಖ್ಯೆಯನ್ನು ಇವರು ಹಟ ಹಿಡಿದು ಕೇಳಿ ಪಡೆಯುತ್ತಿದ್ದರು. ಅವರಿಗಿಂತ ಮೊದಲು 13ನ್ನು ಇಷ್ಟೇ ಪ್ರೀತಿಸಿದ ಇನ್ನೊಬ್ಬರೆಂದರೆ ಬ್ರೆಜಿಲ್‌ನ ಮಾರಿಯೊ ಜಗಾಲೊ. ಆಟಗಾರರಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದ ಜಗಾಲೊ ಬೊಟಾಫೊಗೊ ಕ್ಲಬ್ಬಿನವರು. ಅಬ್ರೆಯು ಕೂಡ ಮುಂದೆ ಅದೇ ಬೊಟಾಫೊಗೊದಲ್ಲಿ 13 ತೊಟ್ಟು ಮೆರೆದರು.

ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಈ ಪಾಟಿ ಸುತ್ತಿದ್ದೇಕೆ? ಸ್ವಭಾವ ಎಂದು ಹೇಳಿ ಕೈತೊಳೆದುಕೊಂಡರೆ ಅರ್ಧವನ್ನಷ್ಟೇ ಹೇಳಿದಂತೆ. ಉಳಿದರ್ಧ ಇರುವುದು ಫುಟ್‌ಬಾಲ್ ವ್ಯಾಪಾರದಲ್ಲಿ. ಉರುಗ್ವೆಯ ಜನಸಂಖ್ಯೆ ಸುಮಾರು 35 ಲಕ್ಷ. ಅಲ್ಲಿನ ಕ್ಲಬ್ಬುಗಳ ಖಜಾನೆ ತುಂಬುವುದು ಟಿಕೆಟ್ ಹಣದಿಂದಲ್ಲ, ಬೆಳೆಸಿದ ಹುಡುಗರನ್ನು ಹೊರದೇಶಕ್ಕೆ ಮಾರಿದ ಹಣದಿಂದ. ಮೊಂಟೆವಿಡಿಯೊದ ಡಿಫೆನ್ಸರ್ ಸ್ಪೋರ್ಟಿಂಗ್‌ನಲ್ಲಿ ಶುರುಮಾಡಿದ ಅಬ್ರೆಯು ಅರ್ಜೆಂಟೀನಾದ ಸ್ಯಾನ್ ಲೊರೆಂಜೊ ದಾಟಿ 1998ರಲ್ಲಿ ಸ್ಪೇನ್‌ನ ಡಿಪೋರ್ಟಿವೊ ಲಾ ಕೊರುನ್ಯಾ ಸೇರಿದರು. ಅಲ್ಲಿ ನೆಲೆ ಸಿಗಲಿಲ್ಲ. ಕ್ಲಬ್ ಅವರನ್ನು ಬಿಟ್ಟೂ ಕೊಡಲಿಲ್ಲ, ಎರವಲು ಕೊಡುತ್ತಾ ಹೋಯಿತು. ಎರವಲೆಂದರೆ ಒಪ್ಪಂದ ಮೂಲ ಕ್ಲಬ್ಬಿನದು, ದುಡಿಮೆ ಇನ್ನೊಂದೆಡೆ. ಗೋಲು ಹೊಡೆದರೆ ಬೆಲೆ ಏರಿ ಮಾಲೀಕರಿಗೆ ಲಾಭ, ಹೊಡೆಯದಿದ್ದರೆ ಮತ್ತೊಂದು ಊರಿಗೆ ಎರವಲು. ಬ್ರೆಜಿಲ್‌ನ ಗ್ರೆಮಿಯೊ, ಮೆಕ್ಸಿಕೊದ ಟೆಕೋಸ್ ಹೀಗೆ ಬಂದ ಹೆಸರುಗಳು.

ಮೆಕ್ಸಿಕೊದ ಪದ್ಧತಿ ಇದಕ್ಕೆ ಇನ್ನಷ್ಟು ಗಾಳಿ ಹಾಕಿತು. ಅಲ್ಲಿ 1996ರಿಂದ ವರ್ಷಕ್ಕೆ ಒಂದಲ್ಲ, ಎರಡು ಲೀಗ್. ಆರಾರು ತಿಂಗಳಿಗೊಬ್ಬ ಚಾಂಪಿಯನ್. ಸೋತ ಕ್ಲಬ್ ಆರೇ ತಿಂಗಳಲ್ಲಿ ತಂಡವನ್ನು ಕಲಸಿ ಹೊಸದಾಗಿ ಕಟ್ಟುತ್ತದೆ, ಗೋಲು ಹೊಡೆಯುವವನಿಗೆ ಸದಾ ಗಿರಾಕಿ. 2002ರಲ್ಲಿ ಕ್ರೂಜ್ ಅಜುಲ್ ಪರ ಆ ಲೀಗಿನ ಅತಿ ಹೆಚ್ಚು ಗೋಲುಗಳ ಸಾಲಿಗೆ ಬಂದ ಅಬ್ರೆಯು ಅಲ್ಲಿ ಏಳು ಜೆರ್ಸಿ ತೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಫಿಫಾ ನಿಯಮದ ಪ್ರಕಾರ ಆಟಗಾರನೊಬ್ಬ ಒಂದು ಋತುವಿನಲ್ಲಿ ಮೂರು ಕ್ಲಬ್‌ಗಳಿಗೆ ನೋಂದಾಯಿಸಿಕೊಳ್ಳಬಹುದು, ಆದರೆ ಅಧಿಕೃತ ಪಂದ್ಯ ಆಡಬಹುದಾದದ್ದು ಎರಡಕ್ಕೆ ಮಾತ್ರ. ಆ ಮಿತಿ ಇರದಿದ್ದರೆ ಈ ಮನುಷ್ಯನ ಲೆಕ್ಕ ಎಲ್ಲಿಗೆ ಮುಟ್ಟುತ್ತಿತ್ತೋ!

2015ರಿಂದ ಮುಂದಿನ ಹನ್ನೆರಡು ಕ್ಲಬ್‌ಗಳ ಕತೆ ಬೇರೆ. ಹೆಚ್ಚಿನವು ಸಣ್ಣವು ಅಥವಾ ಕೆಳ ದರ್ಜೆಯವು. ಪೋಸ್ಟರಿನ ಮೇಲೆ ಒಂದು ದೊಡ್ಡ ಹೆಸರಿದ್ದರೆ ನಾಲ್ಕು ಜನ ಹೆಚ್ಚು ಬಂದಾರು ಎಂಬ ಆಸೆ ಅವುಗಳದು. ಇವರಿಗೂ ದಾಖಲೆಯ ಚಪಲ ಇದ್ದಿರಬೇಕು ಎಂಬುದು ನನ್ನ ಗುಮಾನಿ. 2021ರ ಜೂನ್‌ನಲ್ಲಿ, 44ನೇ ವಯಸ್ಸಿನಲ್ಲಿ, ಮೊಂಟೆವಿಡಿಯೊದ ಸುದ್ ಅಮೆರಿಕಾ ಪರ ಕೊನೆಯ ಆಟ ಆಡಿದರು.

ಇಷ್ಟೇ ಆಗಿದ್ದರೆ ಅಬ್ರೆಯು ಒಂದು ರಸಪ್ರಶ್ನೆಯ ಉತ್ತರವಾಗಿ ಉಳಿಯುತ್ತಿದ್ದರು. ರಾಷ್ಟ್ರೀಯ ತಂಡ ಅವರನ್ನು ಬೇರೆ ಎತ್ತರಕ್ಕೆ ಒಯ್ದಿತು. 70 ಪಂದ್ಯ, 26 ಗೋಲು. 2009ರ ನವೆಂಬರ್‌ನಲ್ಲಿ ಕೋಸ್ಟ ರೀಕಾ ಎದುರಿನ ನಿರ್ಣಾಯಕ ಪಂದ್ಯದಲ್ಲಿ ಉರುಗ್ವೆಯ ಏಕೈಕ ಗೋಲು ಅವರದೇ. ಅದರೊಂದಿಗೆ ತಂಡ ವಿಶ್ವಕಪ್‌ಗೆಂದು ದಕ್ಷಿಣ ಆಫ್ರಿಕಾದ ವಿಮಾನ ಹತ್ತಿತು.

ಅಲ್ಲಿ 2010ರ ಜುಲೈ 2, ಜೊಹಾನ್ಸ್‌ಬರ್ಗ್‌ನ ಸಾಕರ್ ಸಿಟಿ ಮೈದಾನ, ಘಾನಾ ಎದುರು ಕ್ವಾರ್ಟರ್ ಫೈನಲ್. 1-1 ಸಮ. ಹೆಚ್ಚುವರಿ ಆಟದ ಕಟ್ಟಕಡೆಯ ಗಳಿಗೆಯಲ್ಲಿ ಗೋಲಿನೊಳಗೆ ನುಗ್ಗುತ್ತಿದ್ದ ಚೆಂಡನ್ನು ಉರುಗ್ವೆಯ ಸುವಾರೆಸ್ ಕೈಯಿಂದ ತಡೆದರು, ಕೆಂಪು ಕಾರ್ಡ್ ಬಿತ್ತು, ಸಿಕ್ಕ ಪೆನಾಲ್ಟಿಯನ್ನು ಘಾನಾದ ಜ್ಯಾನ್ ಅಡ್ಡಪಟ್ಟಿಗೆ ಬಡಿದರು. ಬದಲಿ ಆಟಗಾರನಾಗಿ ಇಳಿದಿದ್ದ ಅಬ್ರೆಯು ಶೂಟೌಟ್‌ನಲ್ಲಿ ಐದನೆಯವರು. ಗೋಲಾದರೆ 40 ವರ್ಷಗಳ ಬಳಿಕ ಉರುಗ್ವೆಗೆ ಸೆಮಿಫೈನಲ್. ಅವರು ಜೋರಾಗಿ ಓಡಿ ಬಂದರು, ಬಲವಾಗಿ ಒದೆಯುವವರ ಹಾಗೆಯೇ. ಕೀಪರ್ ಕಿಂಗ್ಸನ್ ಒಂದು ಬದಿಗೆ ಹಾರಿದರು. ಅಬ್ರೆಯು ಎಡಗಾಲಿನಿಂದ ಚೆಂಡಿನ ಬುಡವನ್ನು ಮೆಲ್ಲಗೆ ಮೀಟಿದರಷ್ಟೆ. ಚೆಂಡು ಆರಾಮಾಗಿ ತೇಲುತ್ತಾ ಗೋಲಿನ ನಟ್ಟನಡುವೆ ಇಳಿಯಿತು.

ಈ ಒದೆತಕ್ಕೆ ಪನೆಂಕಾ ಎಂದು ಹೆಸರು. 1976ರ ಯೂರೋ ಫೈನಲ್‌ನಲ್ಲಿ ಚೆಕೊಸ್ಲೊವಾಕಿಯದ ಆಂಟೊನಿನ್ ಪನೆಂಕಾ ಪಶ್ಚಿಮ ಜರ್ಮನಿ ವಿರುದ್ಧ ಇದನ್ನು ತೋರಿಸಿದ ಕೆಲವೇ ತಿಂಗಳಿಗೆ ಅಬ್ರೆಯು ಹುಟ್ಟಿದ್ದು. ಹನ್ನೊಂದು ಮೀಟರ್ ದೂರದಿಂದ ಬರುವ ಹೊಡೆತವನ್ನು ನೋಡಿಕೊಂಡು ಹಾರುತ್ತೇನೆಂದರೆ ಕೀಪರ್‌ಗೆ ಹೊತ್ತು ಸಾಲದು, ಅಂದಾಜಿನ ಮೇಲೆ ಮೊದಲೇ ಒಂದು ಬದಿ ಹಿಡಿಯಬೇಕು. ಆಗ ನಡುವೆ ಖಾಲಿ. ಆದರೆ ಆತ ಕದಲದೆ ನಿಂತುಬಿಟ್ಟರೆ ಒದ್ದವನ ಮಾನ ಮೂರುಕಾಸಿಗೆ ಹರಾಜು. ಅದಕ್ಕೇ ಅಬ್ರೆಯು ಅವರ ಓಟದಲ್ಲಿ ಅಷ್ಟು ರಭಸ. ಘಾನಾ ಪಂದ್ಯಕ್ಕೆ ಕೇವಲ ಎರಡೂವರೆ ತಿಂಗಳ ಹಿಂದೆ, ರಿಯೊ ರಾಜ್ಯ ಚಾಂಪಿಯನ್‌ಷಿಪ್‌ನ ನಿರ್ಣಾಯಕ ಪಂದ್ಯದಲ್ಲಿ, ಫ್ಲಮೆಂಗೊ ವಿರುದ್ಧ ಇದೇ ಆಟ ಆಡಿ ಬೊಟಾಫೊಗೊವನ್ನು ಗೆಲ್ಲಿಸಿದ್ದರು. ಜನ ಕಂಡದ್ದು ಹುಚ್ಚು, ನನಗೆ ಕಾಣುವುದು ರೂಢಿಸಿಕೊಂಡ ಕಸುಬು. ಮರುವರ್ಷ ಕೋಪಾ ಅಮೆರಿಕ ಗೆದ್ದ ಉರುಗ್ವೆ ತಂಡದಲ್ಲೂ ಅವರಿದ್ದರು.

ಸುತ್ತಾಟದಲ್ಲಿ ಅವರು ಕೂಡಿಸಿಕೊಂಡ ಇನ್ನೊಂದು ಆಸ್ತಿ ಕೋಚ್‌ಗಳು. 2001ರಲ್ಲಿ ಸ್ಯಾನ್ ಲೊರೆಂಜೊ ಲೀಗ್ ಗೆದ್ದಾಗ ಕೋಚ್ ಮ್ಯಾನುಯೆಲ್ ಪೆಲ್ಲೆಗ್ರಿನಿ, 2008ರಲ್ಲಿ ರಿವರ್ ಪ್ಲೇಟ್ ಗೆದ್ದಾಗ ಡಿಯೇಗೊ ಸಿಮಿಯೊನೆ. ರಾಷ್ಟ್ರೀಯ ತಂಡದಲ್ಲಿ, ಹಿಂದೆ ನಿಜಕ್ಕೂ ಶಾಲಾ ಮೇಷ್ಟ್ರಾಗಿದ್ದ ಆಸ್ಕರ್ ತಬಾರೆಸ್. 2006ರಲ್ಲಿ ಮೆಕ್ಸಿಕೊದ ಡೊರಾಡೋಸ್‌ನಲ್ಲಿ ಕೋಚ್ ಹುವಾನ್ಮಾ ಲಿಯೊ, ಜೊತೆ ಆಟಗಾರ ಪೆಪ್ ಗ್ವಾರ್ಡಿಯೊಲಾ! ಲಿಯೊ ಬಳಿ ಕಲಿಯಲೆಂದೇ ಗ್ವಾರ್ಡಿಯೊಲಾ ಅಷ್ಟು ದೂರ ಹೋಗಿದ್ದರು. ಇಷ್ಟು ಬುದ್ಧಿವಂತರಿದ್ದೂ ಡೊರಾಡೋಸ್ ಆ ವರ್ಷ ಕೆಳ ದರ್ಜೆಗೆ ಜಾರಿತು.

ಕೋಚ್ ಪಟ್ಟಕ್ಕೆ ಅಬ್ರೆಯು ಒಮ್ಮೆಲೇ ಏರಲಿಲ್ಲ, ಬೂಟು ಬಿಚ್ಚುವ ಮೊದಲೇ ಎರಡೂ ಕೆಲಸ ಬೆರೆಸಿದರು. ಬೋಸ್ಟನ್ ರಿವರ್ ಎಂಬ ಉರುಗ್ವೆಯ ಕ್ಲಬ್‌ನಲ್ಲಿ ಅವರು ಆಟಗಾರನೂ ಹೌದು, ಕೋಚೂ ಹೌದು. ಹೊಸ ಊರಿನ ಡ್ರೆಸಿಂಗ್ ರೂಮಿಗೆ ಕಾಲಿಟ್ಟ ದಿನವೇ ಯಾರು ಯಾರ ಮಾತು ಕೇಳುತ್ತಾರೆ ಎಂದು ಅಳೆಯುವ ವಿದ್ಯೆ ಮೂವತ್ತೊಂದು ಬಾರಿ ಹೊಸಬನಾದವನಿಗೆ ಬಂದಿರಲೇಬೇಕು. ಆದರೆ ಕೋಚ್‌ಗೆ ಎರವಲಿನ ಸೌಕರ್ಯ ಇಲ್ಲ, ಸೋತರೆ ನೇರ ಬಾಗಿಲು. ಪೆರುವಿನ ಸೀಸರ್ ವಯೆಹೊ ತಂಡದ ನಂತರ 2024ರಲ್ಲಿ ಅವರು ಬಂದದ್ದು ಅದೇ ಡೊರಾಡೋಸ್‌ಗೆ, ಅದು ಆಗಲೂ ಎರಡನೇ ದರ್ಜೆಯಲ್ಲೇ ಇತ್ತು. 2025ರಲ್ಲಿ ಅಮೆರಿಕದ ಗಡಿಗೆ ಅಂಟಿಕೊಂಡ ತಿಹ್ವಾನಾದ ತಂಡ ಕರೆಯಿತು, ಅದು ಮೆಕ್ಸಿಕೊದ ಮೇಲ್ದರ್ಜೆ. ಅಲ್ಲಿ ಅವರ ಕೈಗೆ ಬಂದವರಲ್ಲಿ ಗಿಲ್ಬರ್ಟೊ ಮೋರಾ ಒಬ್ಬ. ಹದಿನಾರು ತುಂಬಿದ ವಯಸ್ಸಿಗೇ ಮೆಕ್ಸಿಕೊ ಪರ ಗೋಲ್ಡ್ ಕಪ್ ಗೆದ್ದ ಹುಡುಗ. ಅವನು ಹುಟ್ಟಿದ 2008ರ ಹೊತ್ತಿಗೆ ಅಬ್ರೆಯು ಮೆಕ್ಸಿಕೊದ ಏಳೂ ಕ್ಲಬ್‌ಗಳನ್ನು ಆಡಿ ಮುಗಿಸಿದ್ದರು.